ಸ್ಪಾಟಿಫೈ ಡಿಸ್ಕವರಿ ಮೋಡ್: ಕೈಯಿಂದ ಕಾಸು ಬಿಚ್ಚದ ಪೆಯೋಲಾ

ಸ್ಪಾಟಿಫೈನಲ್ಲಿ ಸ್ವಂತ ಹಾಡು ಬಿಡುವವರ ಡ್ಯಾಶ್‌ಬೋರ್ಡಿನಲ್ಲಿ, ಕ್ಯಾಂಪೇನ್ಸ್ ವಿಭಾಗದೊಳಗೆ, ಡಿಸ್ಕವರಿ ಮೋಡ್ ಅಂತ ಒಂದು ಸೌಲಭ್ಯ ಇದೆ. ಹಾಡನ್ನು ಅದಕ್ಕೆ ಸೇರಿಸಿದರೆ ಸ್ಪಾಟಿಫೈ ರೇಡಿಯೋ, ಆಟೋಪ್ಲೇ ಮತ್ತು ಕೆಲವು ಮಿಕ್ಸ್‌ಗಳಲ್ಲಿ, ಅಂದರೆ ಆ್ಯಪ್ ತಾನೇ ಹಾಡು ಆರಿಸಿ ಹಾಕುವ ಜಾಗಗಳಲ್ಲಿ, ಆ ಹಾಡು ಬರುವ ಸಾಧ್ಯತೆಯನ್ನು ಅಲ್ಗಾರಿದಮ್ ಹೆಚ್ಚಿಸುತ್ತದೆ. ಮುಂಗಡವಾಗಿ ಒಂದು ರೂಪಾಯಿಯೂ ಕೇಳುವುದಿಲ್ಲ. ಅದರ ಬದಲು, ಆ ಜಾಗಗಳಲ್ಲಿ ಆ ಹಾಡು ದುಡಿದ ರೆಕಾರ್ಡಿಂಗ್ ರಾಯಲ್ಟಿಯಲ್ಲಿ ಶೇ. 30ನ್ನು ಸ್ಪಾಟಿಫೈ ಕಮಿಷನ್ ಎಂದು ಹಿಡಿದುಕೊಳ್ಳುತ್ತದೆ. 2020ರ ನವೆಂಬರಿನಲ್ಲಿ ಪ್ರಯೋಗವಾಗಿ ಶುರುವಾದದ್ದು, 2023ರಿಂದ ಸಣ್ಣ ಕಲಾವಿದರ ಖಾತೆಗಳಿಗೂ ದೊಡ್ಡ ಮಟ್ಟದಲ್ಲಿ ತೆರೆದುಕೊಂಡಿತು. ಹಾಡು ಹಾಕಿಸಲು ರೇಡಿಯೋಗೆ ಗುಟ್ಟಾಗಿ ದುಡ್ಡು ಕೊಡುವುದಕ್ಕೆ ಪೆಯೋಲಾ ಅನ್ನುತ್ತಾರೆ; ಅದರದೇ ಇನ್ನೊಂದು ರೂಪ ಈ ಡಿಸ್ಕವರಿ ಮೋಡ್.

ಇದನ್ನು ಜಾಹೀರಾತು ಅಂದುಕೊಂಡು ಒತ್ತಿದರೆ ಕೈ ಸುಡುತ್ತದೆ. ನಿಮ್ಮ ಹಾಡಿನ ದರವನ್ನು ನೀವೇ ಇಳಿಸುತ್ತಿದ್ದೀರಿ ಅಂತ ತಿಳಿದು ಒತ್ತಿದರೆ ಕೆಲವು ಸಲ ಗಿಟ್ಟುತ್ತದೆ.

ಲೆಕ್ಕ ನೋಡಿ. ಒಂದು ಹಾಡಿಗೆ ತಿಂಗಳಿಗೆ 1,00,000 ಸ್ಟ್ರೀಮ್ ಬರುತ್ತಿದೆ ಅನ್ನೋಣ. ಅದರಲ್ಲಿ 40,000 ರೇಡಿಯೋ ಮತ್ತು ಆಟೋಪ್ಲೇಯಿಂದ, ಉಳಿದ 60,000 ಹುಡುಕಿ ಕೇಳಿದವರಿಂದ, ಪ್ಲೇಲಿಸ್ಟುಗಳಿಂದ, ಲೈಬ್ರರಿಯಿಂದ. ಕಮಿಷನ್ ಬೀಳುವುದು ಆ 40,000ದ ಮೇಲೆ ಮಾತ್ರ, ಉಳಿದದ್ದು ಮುಟ್ಟುವುದಿಲ್ಲ. ಹಾಡನ್ನು ಸೇರಿಸಿದ ಮೇಲೂ ಅಲ್ಲಿ 40,000ವೇ ಬಂದರೆ ನಿಮಗೆ ಸಿಗುವುದು 28,000 ಸ್ಟ್ರೀಮಿನ ದುಡ್ಡು. ಮೊದಲಿದ್ದ ಆದಾಯಕ್ಕೆ ಮರಳಬೇಕಾದರೆ ಅಲ್ಲಿನ ಸ್ಟ್ರೀಮ್ 57,143ಕ್ಕೆ ಏರಬೇಕು. ಅಂದರೆ ಸುಮಾರು ಶೇ. 43 ಏರಿಕೆಯಾದಾಗ ನೀವು ಹೊರಟ ಜಾಗದಲ್ಲೇ ನಿಂತಿರುತ್ತೀರಿ. ಲಾಭ ಶುರುವಾಗುವುದು ಅಲ್ಲಿಂದ ಮೇಲೆ. ಹಾಡು ಯಾವುದೇ ಇರಲಿ, ದರ ಎಷ್ಟೇ ಇರಲಿ, ಈ ಶೇ. 43 ಬದಲಾಗುವುದಿಲ್ಲ. ವರದಿಯಲ್ಲಿ ಹಸಿರು ಬಾಣದ ಜೊತೆ ಶೇ. 25 ಏರಿಕೆ ಅಂತ ಕಂಡರೆ ಖುಷಿಪಡುವ ಮೊದಲು ಈ ಸಂಖ್ಯೆ ನೆನಪಿರಲಿ: ಶೇ. 25 ಏರಿದ ಹಾಡು 40,000ದ ಬದಲು 35,000 ಸ್ಟ್ರೀಮಿನ ದುಡ್ಡು ತರುತ್ತಿದೆ.

ಹಾಡನ್ನು ಸ್ಪಾಟಿಫೈಗೆ ತಲುಪಿಸುವ ವಿತರಕರ ಪಾಲೂ ಇದರ ಮೇಲೇ ಕೂರುತ್ತದೆ. ನಿಮ್ಮ ಡಿಸ್ಟ್ರಿಬ್ಯೂಟರ್ ಶೇ. 15 ತೆಗೆದುಕೊಳ್ಳುವವರಾದರೆ, ಆ ಜಾಗದ ನೂರು ರೂಪಾಯಿ ಮೊದಲು 70 ಆಗಿ, ಆಮೇಲೆ 59.50 ಆಗಿ ನಿಮ್ಮ ಕೈ ಸೇರುತ್ತದೆ. ವಾರ್ಷಿಕ ಶುಲ್ಕ ಮಾತ್ರ ಪಡೆಯುವ ವಿತರಕರಾದರೆ ಈ ಎರಡನೆಯ ಕಡಿತ ಇಲ್ಲ. ಸಾಹಿತ್ಯ ಮತ್ತು ಸಂಗೀತದ ಪಾಲು, ಅಂದರೆ ನಮ್ಮಲ್ಲಿ ಹಾಡು ಬರೆದವರ, ಸಂಗೀತ ಕೊಟ್ಟವರ ರಾಯಲ್ಟಿ ವಸೂಲು ಮಾಡುವ ಐಪಿಆರ್‌ಎಸ್ ಸಂಸ್ಥೆಯ ಮೂಲಕ ಬರುವಂಥದ್ದು, ಈ ಕಮಿಷನ್ನಿಗೆ ಸಿಗುವುದಿಲ್ಲ. ಹಾಗಾಗಿ ಭಾವಗೀತೆ ಹಾಡಿ ರೆಕಾರ್ಡ್ ಮಾಡಿದವರ ಪಾಲು ಕರಗಿದರೂ ಕವಿಯ ಪಾಲು ಕರಗದು.

ಯಾವ ಹಾಡು ಸೇರಿಸಬೇಕು ಅನ್ನುವಲ್ಲೇ ಹೆಚ್ಚಿನವರು ಎಡವುತ್ತಾರೆ. ಹಾಡು ಬಿಡುಗಡೆಯಾಗಿ 30 ದಿನ ಕಳೆದಿರಬೇಕು ಮತ್ತು ಇತ್ತೀಚೆಗೆ ರೇಡಿಯೋ ಅಥವಾ ಆಟೋಪ್ಲೇಯಲ್ಲಿ ಒಂದಿಷ್ಟಾದರೂ ಓಡಿರಬೇಕು. ಹಾಗಾಗಿ ನಿನ್ನೆ ಬಿಟ್ಟ ಹಾಡನ್ನು ಎತ್ತಲು ಇದು ಉಪಯೋಗಕ್ಕೆ ಬರುವುದಿಲ್ಲ; ಬಿಡುಗಡೆಯ ವಾರಕ್ಕೆ ಬೇರೆ ದಾರಿ ನೋಡಿಕೊಳ್ಳಬೇಕು. ಅರ್ಹ ಹಾಡುಗಳ ಪಟ್ಟಿ ಬಂದಾಗ ಎಲ್ಲರ ಕೈ ಹೋಗುವುದು ಅತಿ ಹೆಚ್ಚು ಓಡುತ್ತಿರುವ ಹಾಡಿನ ಮೇಲೆ. ಅದೇ ತಪ್ಪು. ತನ್ನ ಕಾಲ ಮೇಲೆ ನಿಂತು ದಿನವೂ ಆಟೋಪ್ಲೇಯಲ್ಲಿ ಬರುತ್ತಿರುವ ಹಳೆಯ ಹಿಟ್ ಹಾಡಿಗೆ ಶೇ. 43 ಏರಲು ಜಾಗವೇ ಇರುವುದಿಲ್ಲ. ಹೇಗೂ ಬರುತ್ತಿದ್ದ ದುಡ್ಡಿನಲ್ಲಿ ಮೂರನೇ ಒಂದು ಪಾಲಿನಷ್ಟನ್ನು ಸುಮ್ಮನೆ ಬಿಟ್ಟುಕೊಟ್ಟ ಹಾಗೆ. ಗಿಟ್ಟುವುದು ನಡುವಿನ ಹಾಡುಗಳಲ್ಲಿ: ಕೇಳಿದವರು ಸೇವ್ ಮಾಡುತ್ತಿದ್ದಾರೆ, ಅರ್ಧಕ್ಕೆ ಬಿಟ್ಟು ಹೋಗುತ್ತಿಲ್ಲ, ಆದರೆ ಕೇಳುವವರ ಸಂಖ್ಯೆಯೇ ಕಡಿಮೆ, ಅಂಥವು. ಜನ ಸ್ಕಿಪ್ ಮಾಡುವ ಹಾಡನ್ನು ಕಮಿಷನ್ ಕೊಟ್ಟು ತಳ್ಳಿದರೂ ಅಲ್ಗಾರಿದಮ್ ಬೇಗ ಕೈಬಿಡುತ್ತದೆ.

ಇಲ್ಲೊಂದು ಸಂದಿಯೂ ಇದೆ. 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ಮುಟ್ಟದ ಹಾಡಿಗೆ ಸ್ಪಾಟಿಫೈ ರೆಕಾರ್ಡಿಂಗ್ ರಾಯಲ್ಟಿಯನ್ನೇ ಕೊಡುವುದಿಲ್ಲ. ಸೊನ್ನೆಯಲ್ಲಿ ಶೇ. 30 ಸೊನ್ನೆಯೇ. ಅಂಥ ಹಾಡು ಅರ್ಹರ ಪಟ್ಟಿಯಲ್ಲಿ ಕಾಣಿಸಿಕೊಂಡರೆ ಸೇರಿಸಿಬಿಡಿ, ಕಳೆದುಕೊಳ್ಳುವುದು ಏನೂ ಇಲ್ಲ.

ಬಳಕೆ ಸುಲಭ, ಬಹುಶಃ ಬೇಕಾದ್ದಕ್ಕಿಂತ ಹೆಚ್ಚೇ ಸುಲಭ. ಹಾಡಿನ ಎದುರಿನ ಸ್ವಿಚ್ ಒತ್ತಿದರೆ ಮುಂದಿನ ತಿಂಗಳ ಸುತ್ತಿಗೆ ಸೇರಿಕೊಳ್ಳುತ್ತದೆ. ನೀವಾಗಿ ತೆಗೆಯುವವರೆಗೆ ತಿಂಗಳಿಂದ ತಿಂಗಳಿಗೆ ತಾನೇ ಮುಂದುವರಿಯುತ್ತದೆ, ಮರೆತರೆ ಕಡಿತವೂ ಮುಂದುವರಿಯುತ್ತದೆ. ಬಿಲ್ ಬರುವುದಿಲ್ಲವಾದ್ದರಿಂದ ಗೊತ್ತಾಗುವುದೂ ಇಲ್ಲ. ಹಾಗಾಗಿ ಪರೀಕ್ಷೆ ಮಾಡುವುದಾದರೆ ಒಂದೇ ಬಗೆಯ ನಾಲ್ಕು ಹಾಡು ಆರಿಸಿ, ಎರಡನ್ನು ಮಾತ್ರ ಸೇರಿಸಿ, ಮುಂದಿನ ತಿಂಗಳು ಅದಲುಬದಲು ಮಾಡಿ. ಹಬ್ಬದ ತಿಂಗಳಲ್ಲಿ, ರೀಲ್ಸ್ ಓಡುತ್ತಿರುವಾಗ, ಹೊಸ ಹಾಡು ಬಿಟ್ಟ ವಾರದಲ್ಲಿ ಬೇಡ. ಏರಿಕೆ ಯಾವುದರಿಂದ ಬಂತು ಅಂತ ಬಿಡಿಸಲಾಗುವುದಿಲ್ಲ. ತಿಂಗಳು ಮುಗಿದ ಮೇಲೆ ಒಟ್ಟು ಸ್ಟ್ರೀಮ್ ನೋಡಬೇಡಿ. ಸ್ಟ್ರೀಮ್ ಎಲ್ಲಿಂದ ಬಂತು ಎಂಬ ವಿಂಗಡಣೆ ತೆರೆದು ರೇಡಿಯೋ, ಆಟೋಪ್ಲೇ ಸಾಲನ್ನು ನೋಡಿ, ಪಕ್ಕದಲ್ಲೇ ಹುಡುಕಿ ಕೇಳಿದವರ ಸಾಲನ್ನೂ ನೋಡಿ. ಎರಡನೆಯದು ಅಲುಗದಿದ್ದರೆ ನಿಮ್ಮ ಹಾಡು ಹಿನ್ನೆಲೆಯಲ್ಲಿ ಓಡಿದೆ ಅಷ್ಟೆ. ಯಾರೂ ನಿಮ್ಮ ಹೆಸರು ಓದಿಲ್ಲ. ವೀಣೆ, ಕೊಳಲಿನ ವಾದ್ಯಸಂಗೀತ, ನಿದ್ದೆಯ ಸಂಗೀತ, ಲೋ-ಫೈ ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಇಷ್ಟು ಬಳಸುವವನ ಕಡೆಯ ಮಾತು. ಕೇಳುಗನ ಕಡೆಯಿಂದ ಇದು ಹೇಗೆ ಕಾಣುತ್ತದೆ ಅನ್ನುವುದಕ್ಕೆ ಅಮೆರಿಕದ ರೇಡಿಯೋ ನೋಡಬೇಕು, ಏಕೆಂದರೆ ಪೆಯೋಲಾ ಹುಟ್ಟಿದ್ದೇ ಅಲ್ಲಿ.

ಅಮೆರಿಕದ ಎಎಂ, ಎಫ್‌ಎಂ ಕೇಂದ್ರಗಳು ಹಾಡು ಬರೆದವರಿಗೆ ಮತ್ತು ಸಂಗೀತ ಕೊಟ್ಟವರಿಗೆ ದುಡ್ಡು ಕೊಡುತ್ತವೆ; ಹಾಡಿದವರಿಗೆ, ರೆಕಾರ್ಡ್ ಕಂಪನಿಗೆ ಕೊಡಬೇಕಿಲ್ಲ. ರೇಡಿಯೋದಲ್ಲಿ ಬಂದರೆ ಡಿಸ್ಕು ಮಾರುತ್ತದೆ, ಅದೇ ಕೂಲಿ ಅನ್ನುವ ಲೆಕ್ಕ. ಹಾಗಾಗಿ ದುಡ್ಡು ಕಂಪನಿಯಿಂದ ಕೇಂದ್ರದ ಕಡೆಗೆ ಹರಿಯಿತು. ನಮ್ಮಲ್ಲಿ ಎಫ್‌ಎಂ ಕೇಂದ್ರಗಳು ರೆಕಾರ್ಡಿಂಗಿಗೂ ರಾಯಲ್ಟಿ ಕಟ್ಟಬೇಕು, ಆದ್ದರಿಂದ ಕಾನೂನಿನ ಪ್ರಕಾರದ ಹರಿವು ಉಲ್ಟಾ. ಅಮೆರಿಕದಲ್ಲಿ 1959ರಲ್ಲಿ ಪೆಯೋಲಾ ಹಗರಣ ಸ್ಫೋಟವಾಗಿ, ರಾಕ್ ಅಂಡ್ ರೋಲ್ ಹೆಸರನ್ನು ಜನಪ್ರಿಯಗೊಳಿಸಿದ ರೇಡಿಯೋ ನಿರೂಪಕ ಅಲನ್ ಫ್ರೀಡ್ ನ್ಯೂಯಾರ್ಕಿನ ಡಬ್ಲ್ಯುಎಬಿಸಿ ಕೇಂದ್ರದ ಕೆಲಸ ಕಳೆದುಕೊಂಡರು. 1960ರಲ್ಲಿ ಕಾನೂನು ಬಂತು: 10,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು. ಆ ಕಾನೂನು ದುಡ್ಡು ತೆಗೆದುಕೊಂಡು ಹಾಡು ಹಾಕುವುದನ್ನು ನಿಷೇಧಿಸಲಿಲ್ಲ. ದುಡ್ಡು ಬಂದಿದೆ ಅಂತ ಗಾಳಿಯಲ್ಲಿ ಹೇಳಿ ಹಾಕಿ ಅಂದಿತು, ಅಷ್ಟೆ.

ಹೇಳದೇ ಹಾಕುವ ದಾರಿಯನ್ನು ಇಂಡಿಪೆಂಡೆಂಟ್ ಪ್ರಮೋಟರುಗಳು ಎಂಬ ಮಧ್ಯವರ್ತಿಗಳು ಕಟ್ಟಿದರು. ಪ್ರಮೋಟರ್ ಕೇಂದ್ರಕ್ಕೆ ವರ್ಷಕ್ಕಿಷ್ಟು ಅಂತ 'ಪ್ರಚಾರ ನೆರವು' ಕೊಡುತ್ತಿದ್ದ. ಬದಲಿಗೆ ಆ ಕೇಂದ್ರದ ಮೇಲೆ ಅವನಿಗೆ ಏಕಸ್ವಾಮ್ಯ. ಕೇಂದ್ರ ಯಾವ ಹೊಸ ಹಾಡನ್ನು ಪಟ್ಟಿಗೆ ಸೇರಿಸಿದರೂ ಅವನು ಆ ರೆಕಾರ್ಡ್ ಕಂಪನಿಗೆ ಬಿಲ್ ಕಳಿಸುತ್ತಿದ್ದ. ಹಾಡಿಗೆ ಪ್ರತಿಯಾಗಿ ದುಡ್ಡು ಸಿಕ್ಕಿತು ಅಂತ ಕೇಂದ್ರದ ಖಾತೆಯಲ್ಲಿ ಎಲ್ಲೂ ಬರುತ್ತಿರಲಿಲ್ಲ. 2003ರಲ್ಲಿ ದೊಡ್ಡ ರೇಡಿಯೋ ಸಂಸ್ಥೆ ಕ್ಲಿಯರ್ ಚಾನೆಲ್ ಈ ಸಂಬಂಧ ಕಡಿದುಕೊಳ್ಳುತ್ತೇನೆ ಅಂದಿತು. ಎರಡು ವರ್ಷ ಬಿಟ್ಟು ನ್ಯೂಯಾರ್ಕಿನ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್ ಹೊರತೆಗೆದ ದಾಖಲೆಗಳಲ್ಲಿ ಪ್ರವಾಸ, ಎಲೆಕ್ಟ್ರಾನಿಕ್ ಸಾಮಾನು, ಸ್ಪರ್ಧೆಯ ಬಹುಮಾನದ ಹೆಸರಿನಲ್ಲಿ ಹೋದ ಉಡುಗೊರೆ ಎಲ್ಲ ಇದ್ದವು. ಅದರಲ್ಲಿ ಹೆಚ್ಚು ಚಾಣಾಕ್ಷತನದ್ದು ಸ್ಪಿನ್ ಪ್ರೋಗ್ರಾಂ: ಜಾಹೀರಾತಿನ ಸಮಯ ಕೊಂಡು, ಅದರಲ್ಲಿ ಹಾಡನ್ನೇ ಹಾಕಿಸಿ, ಪ್ರಸಾರದ ಎಣಿಕೆ ಏರಿಸುವುದು. ಕಾಯಂ ಪ್ರಸಾರಕ್ಕೂ ಕೊಂಡ ಪ್ರಸಾರಕ್ಕೂ ಜನಪ್ರಿಯ ಹಾಡುಗಳ ಪಟ್ಟಿ ಮಾಡುವ ಯಂತ್ರಕ್ಕೆ ವ್ಯತ್ಯಾಸ ತಿಳಿಯದು. ಪಟ್ಟಿಯಲ್ಲಿ ಮೇಲೆ ಬಂದ ಹಾಡನ್ನು ಉಳಿದ ಕೇಂದ್ರಗಳು ಬಿಟ್ಟಿಯಾಗಿಯೇ ಎತ್ತಿಕೊಳ್ಳುತ್ತಿದ್ದವು. 2005ರಲ್ಲಿ ರೆಕಾರ್ಡ್ ಕಂಪನಿಗಳಾದ ಸೋನಿ ಬಿಎಂಜಿ 1 ಕೋಟಿ ಡಾಲರ್, ವಾರ್ನರ್ 50 ಲಕ್ಷ, ಮರುವರ್ಷ ಯೂನಿವರ್ಸಲ್ 1.2 ಕೋಟಿ ಡಾಲರ್ ಕೊಟ್ಟು ರಾಜಿಯಾದವು. 2007ರಲ್ಲಿ ನಾಲ್ಕು ರೇಡಿಯೋ ಸಂಸ್ಥೆಗಳು ಅಮೆರಿಕದ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿಗೆ 1.25 ಕೋಟಿ ಡಾಲರ್ ಕಟ್ಟಿದವು. 2025ರ ಫೆಬ್ರವರಿಯಲ್ಲೂ ಎಫ್‌ಸಿಸಿ ಮತ್ತೆ ಎಚ್ಚರಿಸಬೇಕಾಯಿತು, ಈ ಸಲ ಪ್ರಸಾರದ ಆಸೆ ತೋರಿಸಿ ಕಲಾವಿದರಿಂದ ಪುಕ್ಕಟೆ ಕಾರ್ಯಕ್ರಮ ಮಾಡಿಸಿಕೊಳ್ಳುವ ಬಗ್ಗೆ.

ಇದೆಲ್ಲ ಪ್ರಸಾರ ಕೇಂದ್ರಗಳ ಕಾನೂನು. ಸ್ಟ್ರೀಮಿಂಗ್ ಆ್ಯಪ್ ಪ್ರಸಾರ ಕೇಂದ್ರವಲ್ಲ, ಅದಕ್ಕೆ ತಾಗುವುದಿಲ್ಲ. ಡಿಸ್ಕವರಿ ಮೋಡಿನಲ್ಲಿ ದುಡ್ಡಿನ ಕಟ್ಟೂ ಕೈ ಬದಲಾಗುವುದಿಲ್ಲ, ಕೊಡಬೇಕಾದದ್ದರಲ್ಲಿ ಮುರಿದುಕೊಳ್ಳುವುದು ಮಾತ್ರ. ಇದನ್ನು ಮೊದಲು ಮಾಡಿದ್ದು ಸ್ಪಾಟಿಫೈ ಅಲ್ಲ. 2014ರಲ್ಲೇ ಇಂಟರ್ನೆಟ್ ರೇಡಿಯೋ ಸೇವೆ ಪಂಡೋರಾ, ಸ್ವತಂತ್ರ ಲೇಬಲ್ಲುಗಳ ಒಕ್ಕೂಟ ಮರ್ಲಿನ್ ಜೊತೆ, ಹೆಚ್ಚು ಹಾಕುತ್ತೇವೆ, ದರ ಇಳಿಸಿ ಅನ್ನುವ ಒಪ್ಪಂದ ಮಾಡಿಕೊಂಡಿತ್ತು. 2021ರಲ್ಲಿ ಅಮೆರಿಕದ ಸಂಸದರಾದ ಜೆರಿ ನ್ಯಾಡ್ಲರ್ ಮತ್ತು ಹ್ಯಾಂಕ್ ಜಾನ್ಸನ್ ಡಿಸ್ಕವರಿ ಮೋಡ್ ಬಗ್ಗೆ ಸ್ಪಾಟಿಫೈಗೆ ಪತ್ರ ಬರೆದು ಕೇಳಿದ್ದು ಸರಿಯಾದ ಪ್ರಶ್ನೆ: ಎಲ್ಲರೂ ಸೇರಿಬಿಟ್ಟರೆ ಏನು? ಒಬ್ಬ ಕೇಳುಗನಿಗೆ ದಿನಕ್ಕಿರುವ ಸಮಯ ಅಷ್ಟೇ. ಎಲ್ಲ ಹಾಡುಗಳಿಗೂ ಒತ್ತು ಕೊಟ್ಟರೆ ಯಾವುದಕ್ಕೂ ಒತ್ತಿಲ್ಲ, ಶೇ. 30 ಮಾತ್ರ ಎಲ್ಲರದ್ದೂ ಹೋಗಿರುತ್ತದೆ.

ನನಗೆ ತಕರಾರಿರುವುದು ಕಮಿಷನ್ ಮೇಲಲ್ಲ, ಮುಚ್ಚಿಡುವುದರ ಮೇಲೆ. ಇದೇ ಸ್ಪಾಟಿಫೈ ಮಾರ್ಕೀ ಅಂತ ಇನ್ನೊಂದು ಸೇವೆ ಮಾರುತ್ತದೆ. ಅದಕ್ಕೆ ಮೊದಲೇ ಬಜೆಟ್ ಕಟ್ಟಬೇಕು, ಪರದೆ ತುಂಬ ಬರುವ ಆ ಚಿತ್ರದ ಮೇಲೆ ಇದು ಪ್ರಾಯೋಜಿತ ಅಂತ ಬರೆದಿರುತ್ತದೆ. ಡಿಸ್ಕವರಿ ಮೋಡಿನ ಹಾಡಿನ ಮೇಲೆ ಏನೂ ಇರುವುದಿಲ್ಲ. ಶಿಫಾರಸುಗಳಲ್ಲಿ ವಾಣಿಜ್ಯ ಕಾರಣಗಳೂ ಇರಬಹುದು ಎಂಬ ಸಾಮಾನ್ಯ ವಿವರಣೆ ಆ್ಯಪಿನೊಳಗೆ ಎಲ್ಲೋ ಇದೆ. ಈಗ ಕಿವಿಗೆ ಬೀಳುತ್ತಿರುವ ಹಾಡು ಅದರಲ್ಲಿ ಸೇರಿದೆಯೋ ಇಲ್ಲವೋ ಅಂತ ತಿಳಿಯುವ ದಾರಿ ಇಲ್ಲ. 1960ರ ಕಾನೂನು ಕೇಳಿದ್ದ ಒಂದೇ ಒಂದು ಸಾಲು ಇಲ್ಲಿ ಇಲ್ಲ. ಹೆಸರಿನ ಪಕ್ಕ ಒಂದು ಚಿಕ್ಕ ಗುರುತು ಹಾಕಲು ಎಂಜಿನಿಯರಿಗೆ ಎಷ್ಟು ಹೊತ್ತು ಬೇಕು?

ಕನ್ನಡದಲ್ಲಿ ಹಾಡು ಮಾಡುವವರಿಗೆ ಇನ್ನೊಂದು ತೊಡಕು. ಕನ್ನಡ ಹಾಡಿನ ನಂತರ ಆಟೋಪ್ಲೇಯಲ್ಲಿ ನಿಮ್ಮ ಜೊತೆ ಸಾಲಿನಲ್ಲಿ ನಿಂತಿರುವುದು ಲಹರಿ, ಆನಂದ್ ಆಡಿಯೋದಂಥ ಸಂಸ್ಥೆಗಳ ದಶಕಗಳ ಸಿನಿಮಾ ಭಂಡಾರ. ಕೇಳುಗರ ವಲಯ ಹಿಂದಿಯಷ್ಟು ಅಗಲವಲ್ಲ, ಸಿನಿಮೇತರ ಹಾಡು ಹುಡುಕುವವರು ಅದರಲ್ಲೂ ಕಡಿಮೆ. ಮೊದಲ ತಿಂಗಳು ಏರಿಕೆ ಚೆನ್ನಾಗಿ ಕಂಡು, ಅದೇ ಕೇಳುಗರಿಗೆ ಅದೇ ಹಾಡು ತಿರುತಿರುಗಿ ಬಂದು ಮೂರನೇ ತಿಂಗಳಿಗೆ ಇಳಿದರೆ ಆಶ್ಚರ್ಯವಿಲ್ಲ. ಎರಡು ತಿಂಗಳು ಹಾಕಿ, ತೆಗೆದು, ಬಂದ ಹೊಸ ಕೇಳುಗರಲ್ಲಿ ಎಷ್ಟು ಜನ ಉಳಿದರು ಅಂತ ನೋಡಿ. ಉಳಿಯದಿದ್ದರೆ ಮತ್ತೆ ಹಾಕಬೇಡಿ.

ಐದರಲ್ಲಿ ಎರಡೂವರೆ ಅಂಕ: ಮುಂಗಡ ಕೇಳದೇ ಬಡ ಕಲಾವಿದನನ್ನೂ ಒಳಗೆ ಬಿಡುವುದಕ್ಕೆ ಒಂದೂವರೆ, ಬಳಕೆಯ ಸರಳತೆಗೆ ಒಂದು.

ಸೇರಿಸುವ ಮೊದಲು ಒಪ್ಪಂದ ತೆಗೆದು ಓದಿ. ಸ್ವಿಚ್ ಇರುವುದು ಹಾಡಿನ ಹಕ್ಕು ಅಥವಾ ಖಾತೆ ಯಾರ ಕೈಲಿದೆಯೋ ಅವರ ಬಳಿ. ಲೇಬಲ್ ಮೂಲಕ ಬಿಟ್ಟಿದ್ದರೆ ನಿಮ್ಮನ್ನು ಕೇಳದೆಯೂ ಅವರು ಒತ್ತಿರಬಹುದು. ಜೊತೆಗೆ ಹಾಡಿದವರು, ಪಾಲು ಗೊತ್ತುಮಾಡಿಕೊಂಡ ನಿರ್ಮಾಪಕರು ಇದ್ದರೆ ಕಡಿತ ಅವರ ಪಾಲಿಗೂ ಬೀಳುತ್ತದೆ. ಎಷ್ಟು ತಿಂಗಳಿಗೆ, ಯಾವ ಹಾಡಿಗೆ ಅಂತ ಒಂದು ಇಮೇಲಿನಲ್ಲಿ ಅವರ ಒಪ್ಪಿಗೆ ತೆಗೆದುಕೊಂಡು, ಆಮೇಲೆ ಒತ್ತಿ.