ಮುಯ್ ಥಾಯ್ ಕಲಿಯಲು ಮೂರು ಬಗೆಯ ಜಾಗ: ಪ್ಯಾಡ್ ಹಿಡಿಯುವವರನ್ನು ನೋಡಿ ಸೇರಿ

ಬೆಂಗಳೂರಿನಲ್ಲಿ ಥಾಯ್ಲೆಂಡಿನ ಹೊಡೆದಾಟದ ಕಲೆಯಾದ ಮುಯ್ ಥಾಯ್ ಕಲಿಸುತ್ತೇವೆ ಎಂದು ಬೋರ್ಡ್ ಹಾಕಿದ ಜಾಗಗಳು ಈಗ ಬೇಕಾದಷ್ಟಿವೆ. ಒಳಗೆ ಹೋಗಿ ನೋಡಿದರೆ ಹೆಚ್ಚಿನವು ಮೂರು ಬಗೆ: ಫಿಟ್‌ನೆಸ್ ಸೆಂಟರಿನ ಕಿಕ್‌ಬಾಕ್ಸಿಂಗ್ ಕ್ಲಾಸು, ಎಂಎಂಎ (ಹೊಡೆಯುವುದು, ಹಿಡಿದು ಕೆಡವುವುದು ಎರಡೂ ಇರುವ ಮಿಶ್ರ ಹೊಡೆದಾಟ) ಜಿಮ್ಮಿನ ಸಂಜೆ ಬ್ಯಾಚು, ಬರೀ ಮುಯ್ ಥಾಯ್ ಹೇಳಿಕೊಡುವ ಸಣ್ಣ ಜಿಮ್ಮು. ನಮ್ಮ ಜಯನಗರದ ಸುತ್ತಮುತ್ತ ಮೂರರಲ್ಲೂ ಕಲಿತು ನೋಡಿದ್ದೇನೆ. ಹೊಸಬರು ಕೇಳಿದರೆ ನಾನು ಹೇಳುವುದು ಇಷ್ಟೇ: ಅಲ್ಲಿ ನಿಮಗೆ ಪ್ಯಾಡ್ (ನಿಮ್ಮ ಹೊಡೆತ, ಒದೆ ತಡೆದುಕೊಳ್ಳುವ ದಪ್ಪ ಮೆತ್ತೆ) ಹಿಡಿಯುವವರು ಯಾರು ಅಂತ ಮೊದಲು ನೋಡಿ.

ಫಿಟ್‌ನೆಸ್ ಸೆಂಟರಿನಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಜೋರು ಹಾಡು, ತುಂಬಿದ ಹಾಲ್, ಮುಂದೆ ಮೈಕ್ ಹಿಡಿದ ಟ್ರೇನರ್. ಬೆವರು ಚೆನ್ನಾಗಿ ಇಳಿಯುತ್ತದೆ, ದಮ್ಮು ಬೆಳೆಯುತ್ತದೆ. ಹೊಡೆದಾಟದ ಜಾಗ ಅಂದರೆ ಹಿಂಜರಿಯುವವರಿಗೆ ಇಲ್ಲಿ ಧೈರ್ಯವೂ ಬರುತ್ತದೆ. ಆದರೆ ನಿಮ್ಮ ಪಾದ ಎಲ್ಲಿದೆ ಎಂದು ನೋಡುವವರಿಲ್ಲ. ಮುಯ್ ಥಾಯ್ ಒದೆ ಬೀಳಬೇಕಾದದ್ದು ಶಿನ್‌ನಿಂದ, ಅಂದರೆ ಮಂಡಿಯ ಕೆಳಗಿನ ಮುಂದಿನ ಮೂಳೆಯಿಂದ. ನಿಂತ ಕಾಲಿನ ಹಿಮ್ಮಡಿ ಎತ್ತಿ ಪಾದ ತಿರುಗಿಸಬೇಕು, ಸೊಂಟ ಪೂರ್ತಿ ತಿರುಗಬೇಕು. ಪಾದ ನೆಲಕ್ಕೆ ಅಂಟಿಕೊಂಡಿದ್ದರೆ ಆ ತಿರುವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಇದನ್ನು ಮೊದಲ ವಾರದಲ್ಲೇ ಯಾರಾದರೂ ತಿದ್ದಬೇಕು ಅಲ್ವಾ?

ಎಂಎಂಎ ಜಿಮ್ಮು ಇದಕ್ಕಿಂತ ಬಹಳ ಮೇಲು. ಅಲ್ಲಿನವರಿಗೆ ಹೊಡೆತ ಗೊತ್ತು, ಸ್ಪಾರಿಂಗ್‌ಗೆ, ಅಂದರೆ ಅಭ್ಯಾಸದ ಹೊಡೆದಾಟಕ್ಕೆ, ಒಳ್ಳೆಯ ಜೊತೆಗಾರರು ಸಿಗುತ್ತಾರೆ. ತೊಡಕಿರುವುದು ನಿಲ್ಲುವ ರೀತಿಯಲ್ಲಿ. ಎದುರಾಳಿ ಕಾಲು ಹಿಡಿದು ಕೆಡವಬಹುದು ಎಂಬ ಎಚ್ಚರದಲ್ಲಿ ಅವರು ಕಾಲು ಅಗಲಿಸಿ, ಸ್ವಲ್ಪ ಬಗ್ಗಿ ನಿಲ್ಲುತ್ತಾರೆ. ಮುಯ್ ಥಾಯ್‌ನಲ್ಲಿ ನೆಟ್ಟಗೆ ನಿಂತು ಮುಂದಿನ ಕಾಲನ್ನು ಹಗುರ ಇಟ್ಟುಕೊಳ್ಳುತ್ತಾರೆ. ಆಗಲೇ ಟೀಪ್, ಅಂದರೆ ಪಾದದಿಂದ ತಳ್ಳುವ ನೇರ ಒದೆ, ತಟ್ಟನೆ ಹೊರಡುತ್ತದೆ. ಎದುರಿನವರ ಒದೆಗೆ ಶಿನ್ ಎತ್ತಿ ಅಡ್ಡ ಹಿಡಿಯುವುದೂ ಸುಲಭ. ನಾನು ಹೋದ ಕಡೆ ಪ್ಯಾಡ್‌ಗಳನ್ನು ವಿದ್ಯಾರ್ಥಿಗಳೇ ಒಬ್ಬರಿಗೊಬ್ಬರು ಹಿಡಿಯುತ್ತಿದ್ದರು. ಇಬ್ಬರೂ ಹೊಸಬರಾದರೆ ಇಬ್ಬರ ಮಣಿಕಟ್ಟಿಗೂ ಕಷ್ಟ. ಮುಂದೆ ಎಂಎಂಎ ಆಡುವ ಆಸೆ ಇದ್ದವರು ಕಣ್ಮುಚ್ಚಿಕೊಂಡು ಇಲ್ಲಿಗೇ ಸೇರಬಹುದು.

ನಾನು ಉಳಿದುಕೊಂಡದ್ದು ಮೂರನೆಯದರಲ್ಲಿ. ಅಂಗಡಿಗಳ ಮೇಲಿನ ಒಂದು ಮಹಡಿ, ಕೆಲವೇ ಬ್ಯಾಗು, ಹಳೇ ರಿಂಗು. ಕೋಚ್ ಸ್ವತಃ ರಿಂಗಿನಲ್ಲಿ ಆಡಿದವರು. ಮೊದಲು ಸ್ಕಿಪ್ಪಿಂಗ್, ಆಮೇಲೆ ಶ್ಯಾಡೋ (ಎದುರಾಳಿ ಇಲ್ಲದೆ ಗಾಳಿಯಲ್ಲೇ ಹೊಡೆಯುವ ಅಭ್ಯಾಸ), ನಂತರ 3 ನಿಮಿಷದ ರೌಂಡುಗಳಲ್ಲಿ ಪ್ಯಾಡ್. ಪ್ಯಾಡ್ ಹಿಡಿಯುವುದು ಅಂದರೆ ಸುಮ್ನೆ ಏಟು ತಿನ್ನುವುದಲ್ಲ. ಹಾಡುವವರಿಗೆ ಮೃದಂಗದವರು ಎಷ್ಟು ಮುಖ್ಯವೋ ಇಲ್ಲಿ ಇವರು ಅಷ್ಟು. ನಿಮ್ಮ ಕೈ ಕೆಳಗಿಳಿದರೆ ಪ್ಯಾಡ್‌ನಿಂದ ಕೆನ್ನೆಗೆ ಮೆಲ್ಲಗೆ ತಟ್ಟುತ್ತಾರೆ. ಒದ್ದು ತೂಕ ತಪ್ಪಿದರೆ ಅಲ್ಲೇ ಒಂದು ಟೀಪ್ ಕೊಟ್ಟು ಹಿಂದಕ್ಕೆ ತಳ್ಳುತ್ತಾರೆ. ಥಾಯ್ಲೆಂಡಿನ ಅಂಕ ಕೊಡುವ ಪದ್ಧತಿಯಲ್ಲಿ ಮೈಗೆ ಬಿದ್ದ ಒದೆ, ಮಂಡಿಯ ಹೊಡೆತ, ಅಲುಗದೆ ನಿಲ್ಲುವ ಸಮತೋಲ, ಇವಕ್ಕೆ ದೊಡ್ಡ ಬೆಲೆ. ಒಳ್ಳೆಯ ಪ್ಯಾಡ್‌ನಲ್ಲಿ ಅದು ತಾನಾಗಿ ಮೈಗೆ ಹತ್ತುತ್ತದೆ.

ಕ್ಲಿಂಚ್ ಅನ್ನು ಮನಸ್ಸಿಟ್ಟು ಕಲಿಸಿದ್ದೂ ಇಲ್ಲಿಯೇ. ಎದುರಿನವರ ಕುತ್ತಿಗೆ, ತೋಳು ಹಿಡಿದು ನಿಂತಲ್ಲೇ ಸೆಣಸುವುದು, ಸಂದು ಸಿಕ್ಕಾಗ ಮಂಡಿಯಿಂದ ಹೊಡೆಯುವುದು. ಕೆ-1 ಎಂಬ ಜಪಾನಿನ ಸ್ಪರ್ಧೆಯ ಮಾದರಿಯ ಕಿಕ್‌ಬಾಕ್ಸಿಂಗ್‌ನಲ್ಲಿ ಮೊಣಕೈ ಬಳಸುವ ಹಾಗಿಲ್ಲ, ಹಿಡಿದು ನಿಲ್ಲುವುದಕ್ಕೂ ಅಡ್ಡಿ ಇದೆ. ಎರಡು ಕೈ, ಎರಡು ಮೊಣಕೈ, ಎರಡು ಮಂಡಿ, ಎರಡು ಕಾಲು, ಈ ಎಂಟೂ ಇದ್ದರೇ ಮುಯ್ ಥಾಯ್. 1945ರಲ್ಲಿ ತೆರೆದ ಬ್ಯಾಂಕಾಕಿನ ರಾಜದಮ್ನೊನ್ ಸ್ಟೇಡಿಯಂನ 5 ರೌಂಡಿನ ಆಟಗಳನ್ನು ನೋಡಿ. ಎಷ್ಟೋ ಸಲ ಗೆಲುವು ತೀರ್ಮಾನವಾಗುವುದು ಕ್ಲಿಂಚ್‌ನಲ್ಲೇ.

ತೊಂದರೆಗಳೂ ಇವೆ. ಫ್ಯಾನ್ ಸಾಲದು, ಗಾಡಿ ನಿಲ್ಲಿಸಲು ಜಾಗವಿಲ್ಲ, ಬ್ಯಾಚ್ ಸಮಯ ಬದಲಾಗುವುದಿಲ್ಲ. ಫೀಸೂ ಫಿಟ್‌ನೆಸ್ ಸೆಂಟರಿಗಿಂತ ಜಾಸ್ತಿ. ಆದರೂ ನನ್ನ ಮಟ್ಟಿಗೆ ಕೊಟ್ಟ ದುಡ್ಡಿಗೆ ನ್ಯಾಯ ಸಿಕ್ಕಿದ್ದು ಇಲ್ಲೇ.

ಸಾಮಾನಿಗೆಂದು ಮೊದಲೇ ಜೇಬು ಖಾಲಿ ಮಾಡಬೇಡಿ. ಗ್ಲೌಸ್ ಒಳಗೆ ಕೈಗೆ ಸುತ್ತಿಕೊಳ್ಳುವ ಪಟ್ಟಿ, ಅಂದರೆ 180 ಇಂಚಿನ ಹ್ಯಾಂಡ್‌ರ‍್ಯಾಪ್ ಎರಡು ಜೊತೆ ತಗೊಳ್ಳಿ. ಮಳೆಗಾಲದಲ್ಲಿ ಒಂದು ಜೊತೆ ಬೇಗ ಒಣಗುವುದಿಲ್ಲ. ಕಲಿಯುವ ಮನಸ್ಸು ಗಟ್ಟಿಯಾದ ಮೇಲೆ 12 ಅಥವಾ 14 ಔನ್ಸಿನ ಗ್ಲೌಸ್. ಸ್ಪಾರಿಂಗ್‌ಗೆ ಬಂದಾಗ 16 ಔನ್ಸ್, ಶಿನ್‌ಗಾರ್ಡ್, ಹಲ್ಲಿನ ಗಾರ್ಡ್.

ಸೇರುವ ಮೊದಲು ಟ್ರಯಲ್ ಕ್ಲಾಸ್ ಕೇಳಿ, ಬೇರೆಯವರ ಪ್ಯಾಡ್ ರೌಂಡನ್ನು ನಿಂತು ನೋಡಿ. ಕ್ಲಿಂಚ್ ಯಾವ ದಿನ ಮಾಡಿಸುತ್ತೀರಿ ಸರ್ ಅಂತಲೂ ಕೇಳಿ. ಏನೂ ಕಲಿಸದೆ ಮೊದಲ ದಿನವೇ ಸ್ಪಾರಿಂಗ್‌ಗೆ ಇಳಿಸುವ ಜಾಗವಾದರೆ ಬೇರೆ ಕಡೆ ನೋಡಿ.