ಕಂಪ್ರೆಸರ್ ಇಲ್ಲದ ಎಸಿ: ದುಬೈ ಫ್ಲ್ಯಾಟಿನಲ್ಲಿ ಎರಡು ಬೇಸಿಗೆ

ದೇರಾದ ಹಳೇ ಮನೆಯಲ್ಲಿ ಕಿಟಕಿ ಎಸಿ ಇತ್ತು. ರಾತ್ರಿ ಅದರ ಸದ್ದು ನಿಂತರೆ ನಮಗೆ ಎಚ್ಚರ ಆಗುತ್ತಿತ್ತು! ಈಗಿನ ಟವರಿನಲ್ಲಿರುವುದು ಡಿಸ್ಟ್ರಿಕ್ಟ್ ಕೂಲಿಂಗ್, ಅಂದರೆ ಒಂದೇ ಪ್ಲಾಂಟಿನಲ್ಲಿ ನೀರು ತಣ್ಣಗೆ ಮಾಡಿ ಪೈಪಿನಲ್ಲಿ ಹಲವು ಬಿಲ್ಡಿಂಗಿಗೆ ಕಳಿಸುವುದು. ಬಾಲ್ಕನಿಯಲ್ಲಿ ಕಂಪ್ರೆಸರ್ ಇಲ್ಲ. ಸೀಲಿಂಗಿನೊಳಗೆ ಒಂದು ಸುರುಳಿ, ಅದರಲ್ಲಿ ತಣ್ಣೀರು, ಹಿಂದೆ ಒಂದು ಫ್ಯಾನ್. ಅಷ್ಟೇ. ಎರಡು ಬೇಸಿಗೆಯಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ.

ನಮ್ಮ ಬಿಲ್ಡಿಂಗಿನ ಟೆಕ್ನಿಷಿಯನ್ ಕಾಸರಗೋಡಿನವರು. ಅರ್ಧ ಕನ್ನಡ, ಅರ್ಧ ಮಲಯಾಳಂನಲ್ಲಿ ಇದನ್ನೆಲ್ಲ ಬಿಡಿಸಿ ಹೇಳಿದರು. ರಸ್ತೆಯಾಚೆ ಡ್ರಮ್ಮಿನ ಹಾಗೆ ಕಾಣುವ ದೊಡ್ಡ ಟ್ಯಾಂಕ್ ಕುಡಿಯುವ ನೀರಿನದಲ್ಲವಂತೆ. ರಾತ್ರಿ ಬಿಸಿ ಸ್ವಲ್ಪ ಇಳಿದು ಬೇಡಿಕೆಯೂ ತಗ್ಗಿದಾಗ ಪ್ಲಾಂಟಿನ ಚಿಲ್ಲರ್‌ಗಳು, ಅಂದರೆ ನೀರು ತಣಿಸುವ ಯಂತ್ರಗಳು, ನೀರನ್ನು ಸುಮಾರು 5 ಡಿಗ್ರಿಗೆ ಇಳಿಸಿ ಅದರಲ್ಲಿ ತುಂಬುತ್ತವೆ. ಮಧ್ಯಾಹ್ನ ಹೊರಗೆ 45 ಡಿಗ್ರಿ ಇರುವಾಗ ಆ ನೀರನ್ನು ಬಿಡುತ್ತಾರೆ. ಶಾಖ ಹೊತ್ತು 13ರ ಆಸುಪಾಸಿಗೆ ಬಂದ ನೀರು ವಾಪಸ್ ಅದೇ ಟ್ಯಾಂಕಿನ ಮೇಲ್ಭಾಗಕ್ಕೆ ಹೋಗುತ್ತದೆ. ನಡುವೆ ಗೋಡೆ ಇಲ್ಲ. ಬೆರೆತು ಹೋಗಲ್ವಾ ಅಂತ ಕೇಳಿದೆ. ಏಪ್ರಿಲ್‌ನಲ್ಲಿ ಊರಿನ ಕೆರೆಗೆ ಇಳಿದಿಲ್ವಾ ಅಂದರು. ಎದೆಮಟ್ಟದಲ್ಲಿ ಬೆಚ್ಚಗೆ, ಕಾಲ ಬುಡದಲ್ಲಿ ತಣ್ಣಗೆ. ತಣ್ಣೀರು ಭಾರ, ಮೆಲ್ಲಗೆ ಬಿಟ್ಟರೆ ಅಡಿಯಲ್ಲೇ ಕೂರುತ್ತದೆ.

ಕೆಲವು ಕಡೆ ಐಸ್ ಮಾಡಿಡುವುದೂ ಉಂಟು. ಒಂದು ಕಿಲೋ ಐಸ್ ಕರಗುವಾಗ 334 ಕಿಲೋಜೂಲ್ ಶಾಖ ನುಂಗುತ್ತದೆ. ಒಂದು ಕಿಲೋ ನೀರು 5ರಿಂದ 13ಕ್ಕೆ ಏರುವಾಗ ನುಂಗುವುದು ಬರೀ 33. ಹಾಗಾಗಿ ಐಸಿಗೆ ಜಾಗ ಕಡಿಮೆ ಸಾಕು. ಆದರೆ ಸೊನ್ನೆಗಿಂತ ಕೆಳಗಿಳಿಯಲು ಚಿಲ್ಲರ್ ಕರೆಂಟ್ ಜಾಸ್ತಿ ತಿನ್ನುತ್ತದೆ.

ನನ್ನ ತಕರಾರು ಬಿಲ್ಲಿನದು. ಹೋದ ಜುಲೈ-ಆಗಸ್ಟಿನಲ್ಲಿ 40 ದಿನ ಊರಿನಲ್ಲಿದ್ದೆವು. ಎಸಿ ಪೂರ್ತಿ ಆಫ್ ಮಾಡಿ ಹೋಗಿದ್ದು ನನ್ನದೇ ಬುದ್ಧಿ. ವಾಪಸ್ ಬಂದಾಗ ಚಪ್ಪಲಿಗೆಲ್ಲ ಬೂಷ್ಟು, ಊರಿನ ಮಳೆಗಾಲವೇ ಹಿಂದೆ ಬಂದ ಹಾಗೆ. ಮೀಟರ್ ಓಡಿರಲಿಲ್ಲ, ಬಿಲ್ ಮಾತ್ರ ಬಂದಿತ್ತು. ಕೆಪ್ಯಾಸಿಟಿ ಚಾರ್ಜ್, ಬಳಸಿದರೂ ಬಿಟ್ಟರೂ ಕಟ್ಟಬೇಕಾದ್ದು! ಕೂಲಿಂಗ್ ಕಂಪನಿಗೆ ಫೋನ್ ಮಾಡಿದೆ. ನಿಮ್ಮ ಪಾಲಿನ 3 ಟನ್ ತಂಪನ್ನು ಪ್ಲಾಂಟಿನಲ್ಲಿ ಕಾಯ್ದಿಟ್ಟಿದ್ದೇವೆ ಅಂದರು (ಈ ಟನ್ ತೂಕವಲ್ಲ, ತಂಪು ಮಾಡುವ ಶಕ್ತಿಯ ಅಳತೆ). ಸರಿ, ಒಪ್ಪಿದೆ. ಆದರೆ ರಾತ್ರಿ ತುಂಬಿಟ್ಟುಕೊಂಡರೆ ಹಗಲಿಗೆ ಅಷ್ಟೊಂದು ಚಿಲ್ಲರ್ ಬೇಡ, ಅದಕ್ಕೆ ತಾನೇ ಟ್ಯಾಂಕ್ ಕಟ್ಟಿದ್ದು? ಆ ಉಳಿತಾಯ ನನ್ನ ಬಿಲ್ಲಿನಲ್ಲಿ ಎಲ್ಲಿದೆ ಅಂತ ಕೇಳಿದ್ದಕ್ಕೆ ದೂರಿನ ನಂಬರ್ ಒಂದು ಕೊಟ್ಟರು. ಇನ್ನೂ ಅದೊಂದೇ ಉತ್ತರ.

ತಂಪಿಗೆ ಐದಕ್ಕೆ ಐದು, ಬಿಲ್ಲಿಗೆ ಎರಡು. ಬಾಡಿಗೆಗೆ ಹೋಗುವವರು ಫ್ಲ್ಯಾಟಿಗೆ ಎಷ್ಟು ಟನ್ ಬರೆದಿದ್ದಾರೆ ಅಂತ ಮೊದಲೇ ಕೇಳಿಕೊಳ್ಳಿ.

ತಣ್ಣೀರಿನ ಬಿಟ್ಟಿ ಸ್ಟೋರೇಜ್ ಒಂದು ಇಲ್ಲಿ ಎಲ್ಲರ ಮನೆಯಲ್ಲೂ ಇದೆ, ಗೀಸರ್. ಜೂನ್‌ನಲ್ಲಿ ಆಫ್ ಮಾಡಿಡಿ. ಟೆರೇಸ್ ಟ್ಯಾಂಕಿನಿಂದ ಬರುವ ನೀರು ಕೈ ಸುಡುತ್ತದೆ, ಗೀಸರಿನಲ್ಲಿ ನಿಂತ ನೀರು ಎಸಿ ಮನೆಯೊಳಗೆ ತಣಿದಿರುತ್ತದೆ. ಸ್ನಾನಕ್ಕೆ ಬಿಸಿನೀರಿನ ನಲ್ಲಿ ತಿರುಗಿಸಿ. ನಮ್ಮನೆಯಲ್ಲಿ ಎರಡು ಸ್ನಾನಕ್ಕೆ ಸಾಕಾಗುತ್ತದೆ, ಮೂರನೆಯವನು ನಾನು.