ನಮ್ಮ ಮಾತಿನಲ್ಲಿ ಪಿಸುಗುಡುವ ಸಿನಿಮಾ ಯಾವುದು?

ಒಂದು ವಾರಪತ್ರಿಕೆಗೆ ಒಂಬತ್ತು ವರ್ಷ ಸಿನಿಮಾ ವಿಮರ್ಶೆ ಬರೆದೆ. ಪತ್ರಿಕೆ ನಿಂತುಹೋಯಿತು, ನನ್ನ ಸಿನಿಮಾ ಹುಚ್ಚು ನಿಲ್ಲಲಿಲ್ಲ. ಈಗ ವಿಜಯಪುರದ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಟಿವಿ ಮುಂದೆ ಮೂವರು ಕೂರುತ್ತೇವೆ, ಅವ್ವ, ಅಪ್ಪ, ನಾನು. ತಂಗಿಯ ಮಗ ಬಂದರೆ ನಾಲ್ಕು ಜನ. ಅವ್ವನ ಮಡಿಲಲ್ಲಿ ಹುರಿದ ಶೇಂಗಾ ಇರುತ್ತದೆ. ಸಿನಿಮಾ ಚೆನ್ನಾಗಿದ್ದರೆ ಸಿಪ್ಪೆ ಬಿಡಿಸೋ ಸದ್ದು ನಿಲ್ಲುತ್ತದೆ. ನಾನು ಪತ್ರಿಕೆಯಲ್ಲಿ ಕೊಡುತ್ತಿದ್ದ ಸ್ಟಾರುಗಳಿಗಿಂತ ಈ ಲೆಕ್ಕ ಎಷ್ಟೋ ಮೇಲು.

ಯಾವುದು ನೋಡಬೇಕು, ಯಾವುದು ಬಿಡಬೇಕು ಅಂತ ಗೆಳೆಯರು ಕೇಳ್ತಾನೇ ಇರ್ತಾರೆ. ನನ್ನ ಅಳತೆ ಕಣ್ಣಿನದಲ್ಲ, ಕಿವಿಯದು. ಕಣ್ಣು ಮುಚ್ಚಿಕೊಂಡು ಕೇಳಿದರೂ ಆ ಪಾತ್ರ ಯಾವ ಸೀಮೆಯದು ಅಂತ ಗೊತ್ತಾಗಬೇಕು. ಎಷ್ಟೋ ಸಿನಿಮಾಗಳಲ್ಲಿ ಉತ್ತರ ಕರ್ನಾಟಕದ ಮಾತು ಬಂತು ಅಂದರೆ ಒಬ್ಬ ಜೋಕರ್ ಬಂದ ಅಂತಲೇ ಅರ್ಥ. ಟವೆಲ್ ಹೆಗಲಿಗೆ, ದನಿ ತಾರಕಕ್ಕೆ, ಪ್ರತಿ ಶಬ್ದದ ಬಾಲಕ್ಕೆ ಒಂದು 'ರೀ'. ಧಾರವಾಡದ ಕಡೆಯವರು 'ಹೋಗಾಕತ್ತೀನಿ' ಅಂತಾರೆ, ನಮ್ಮಲ್ಲಿ 'ಹೋಗ್ಲಾಕತ್ತೀನಿ' ಅಂತಾರೆ. ಇಷ್ಟು ಸಣ್ಣ ಫರಕು ಹಿಡಿಯೋ ಕಿವಿ ಇಲ್ಲದವರು ಸುಮ್ನೆ ಬೆಂಗಳೂರಿನ ಮಾತಲ್ಲೇ ಬರೆದುಕೊಂಡರೆ ನನಗೇನೂ ಬೇಜಾರಿಲ್ಲ.

ಮೊದಲು ನಮ್ಮ ನೆಲದ ರಾಣಿಯಿಂದ ಶುರು ಮಾಡ್ತೀನಿ. 'ಕಿತ್ತೂರು ಚೆನ್ನಮ್ಮ' ಬಂದದ್ದು 1961ರಲ್ಲಿ. ಬಿ.ಆರ್. ಪಂತುಲು ನಿರ್ದೇಶನ, ಚೆನ್ನಮ್ಮನಾಗಿ ಬಿ. ಸರೋಜಾದೇವಿ, ಮಲ್ಲಸರ್ಜನಾಗಿ ರಾಜಕುಮಾರ್. ಇಡೀ ಸಿನಿಮಾ ಕಂಪನಿ ನಾಟಕದ ಮಾತಲ್ಲಿ ನಡೆಯುತ್ತದೆ. ಬೆಳಗಾವಿ ಜಿಲ್ಲೆಯ ಸೊಲ್ಲು ಅದರಲ್ಲಿ ಹುಡುಕಬೇಡಿ, ಸಿಗೋದಿಲ್ಲ. ಆದರೆ ನನಗೆ ಅದು ಕೊರತೆ ಅನ್ನಿಸಿಲ್ಲ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ಕ್ಯಾಂಪ್ ಹಾಕುವ ನಾಟಕ ಕಂಪನಿಗಳನ್ನು ನೋಡುತ್ತ ಬೆಳೆದವರಿಗೆ ರಾಜ ರಾಣಿಯರು ಹಾಗೆ ಮಾತಾಡಿದರೇ ಸರಿ. ತಗಡಿನ ಶೆಡ್ಡಿನಲ್ಲಿ ಕೊನೆಯ ಸಾಲಿನವನಿಗೂ ಕೇಳಬೇಕಲ್ವಾ? ಸರೋಜಾದೇವಿ ಬ್ರಿಟಿಷರ ಮುಂದೆ ದನಿ ಎತ್ತಿದಾಗ ಅವ್ವ ಇಂದಿಗೂ ನೆಟ್ಟಗೆ ಕೂರುತ್ತಾಳೆ.

2012ರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಬಗ್ಗೆ ಅಷ್ಟು ಖುಷಿಯಿಂದ ಹೇಳಲಾರೆ. ದರ್ಶನ್ ಮೈ ಬಗ್ಗಿಸಿ ದುಡಿದಿದ್ದಾರೆ, ದುಡ್ಡು ತೆರೆ ಮೇಲೆ ಕಾಣುತ್ತದೆ. ಆದರೆ ಕೂಗಾಟ ಜಾಸ್ತಿ. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಖಾನಾಪುರ ತಾಲ್ಲೂಕಿನ ಆ ಜಾಗಕ್ಕೆ ಹೋಗಿ ನಿಂತವರಿಗೆ ಅಲ್ಲಿನ ಮೌನ ಏನು ಅಂತ ಗೊತ್ತು. ಸಿನಿಮಾದಲ್ಲಿ ಆ ಮೌನಕ್ಕೆ ಎರಡು ನಿಮಿಷ ಕೊಡಬಹುದಿತ್ತು. ಇದರಲ್ಲಿ ಚೆನ್ನಮ್ಮನಾದವರು ಜಯಪ್ರದಾ. 35 ವರ್ಷ ಹಿಂದೆ ಇವರೇ 'ಸನಾದಿ ಅಪ್ಪಣ್ಣ'ದ ನಾಯಕಿ.

'ಸನಾದಿ ಅಪ್ಪಣ್ಣ' (1977) ನೋಡಿಲ್ಲದಿದ್ದರೆ ಇವತ್ತೇ ನೋಡಿ. ಹೆಸರಲ್ಲೇ ನಮ್ಮ ಶಬ್ದ ಇದೆ. ಶಹನಾಯಿಗೆ ನಮ್ಮ ಕಡೆ ಸನಾದಿ ಅಂತಾರೆ, ಕೃಷ್ಣಮೂರ್ತಿ ಪುರಾಣಿಕರು ತಮ್ಮ ಕಥೆಗೆ ಅದೇ ಶಬ್ದ ಇಟ್ಟರು, ಸಿನಿಮಾದವರು ಅದನ್ನು ಬದಲಾಯಿಸದೆ ಹಾಗೇ ಬಿಟ್ಟರು. ತೆರೆಯ ಹಿಂದೆ ನುಡಿಸಿದ್ದು ಉಸ್ತಾದ್ ಬಿಸ್ಮಿಲ್ಲಾ ಖಾನ್. ತೆರೆ ಮೇಲೆ ರಾಜಕುಮಾರ್. ಒಮ್ಮೆ ದನಿ ಆರಿಸಿ ಬರೀ ಅವರ ಮುಖ ನೋಡಿ. ಕೆನ್ನೆ ಉಬ್ಬುವುದು, ಉಸಿರು ಎಳೆದುಕೊಳ್ಳಲು ತುಟಿಯ ಅಂಚು ಸಡಿಲ ಆಗುವುದು, ಬೆರಳು ರಂಧ್ರದ ಮೇಲೆ ಪೂರ್ತಿ ಕೂರದೆ ಜಾರುವುದು. ನಮ್ಮ ಓಣಿಯ ಮದುವೆಗಳಿಗೆ ಸನಾದಿ ಊದಲು ಬರುತ್ತಿದ್ದ ಒಬ್ಬ ಮುತ್ಯಾ ಇದನ್ನು ನೋಡಿ, 'ಉಸಿರು ಖರೇ ತಗೊಂಡಾನ' ಅಂದಿದ್ದ. ನಾನು ಬರೆದ ಯಾವ ವಿಮರ್ಶೆಯಲ್ಲೂ ಅಷ್ಟು ಚಲೋ ಸಾಲು ಇಲ್ಲ.

ಇನ್ನು 'ನಾಗಮಂಡಲ'. 1997, ಟಿ.ಎಸ್. ನಾಗಾಭರಣ, ಗಿರೀಶ ಕಾರ್ನಾಡರ ನಾಟಕ, ಸಿ. ಅಶ್ವಥ್ ಸಂಗೀತ. ಇದರ ಬಗ್ಗೆ ಸ್ವಲ್ಪ ಉದ್ದ ಮಾತಾಡ್ತೀನಿ, ಸಹಿಸಿಕೊಳ್ಳಿ.

ಕಥೆ ಗೊತ್ತಲ್ವಾ. ಅಪ್ಪಣ್ಣ ಮಧ್ಯಾಹ್ನ ಮನೆಗೆ ಬರುತ್ತಾನೆ, ಉಣ್ಣುತ್ತಾನೆ, ಹೆಂಡತಿ ರಾಣಿಯನ್ನು ಒಳಗೇ ಬಿಟ್ಟು ಹೊರಗಿನಿಂದ ಕೀಲಿ ಹಾಕಿಕೊಂಡು ಹೋಗುತ್ತಾನೆ. ರಾತ್ರಿ ಒಂದು ನಾಗ ಅವನದೇ ರೂಪ ತೊಟ್ಟು ಬರುತ್ತದೆ. ಹಗಲಿನ ಗಂಡ, ರಾತ್ರಿಯ ನಾಗ ಇಬ್ಬರೂ ಪ್ರಕಾಶ್ ರೈ. ಮುಖ ಅದೇ, ಮೈ ಅದೇ. ಹಾಗಾದರೆ ಫರಕು ಎಲ್ಲಿ ತೋರಿಸುವುದು? ದನಿಯಲ್ಲಿ. ಹಗಲಿನವನ ಮಾತು ಎರಡು ಶಬ್ದಕ್ಕೆ ಮುಗಿಯುತ್ತದೆ, ಬಾಗಿಲು ಬಡಿದ ಹಾಗೆ. ರಾತ್ರಿ ಬಂದವನು ಅದೇ ಸೀಮೆಯ ಮಾತನ್ನು ಎಳೆದು, ತಗ್ಗಿಸಿ, ಬಳಿಗೆ ಕರೆದು ಆಡುತ್ತಾನೆ. ಅವ್ವ ಮೊದಲ ಸಲ ನೋಡಿದಾಗ ನಡುವೆ ಮಜ್ಜಿಗೆ ತರಲು ಒಳಗೆ ಹೋಗಿದ್ದಳು. ಅಡಿಗೆ ಮನೆಯಿಂದಲೇ ಕೂಗಿದಳು: 'ಇಂವ ಹಗಲಿನಾಂವ ಅಲ್ಲ, ದನಿ ಬ್ಯಾರೆ ಐತಿ ನೋಡು!' ಅವಳು ತೆರೆ ನೋಡ್ತಾನೇ ಇರಲಿಲ್ಲ.

ಸಿನಿಮಾದವರು ನಮ್ಮ ಮಾತನ್ನು ಜಗಳಕ್ಕೆ, ಬೈಗುಳಕ್ಕೆ, ನಗೆಗೆ ಬಳಸಿದ್ದು ಎಷ್ಟೋ ನೋಡಿದ್ದೇನೆ. ಪ್ರೀತಿ ಬಂದ ಕೂಡಲೇ ಹೀರೋ ಮೈಸೂರಿನವನಾಗಿಬಿಡುತ್ತಾನೆ! ಈ ಮಾತಿನಲ್ಲಿ ಪಿಸುಗುಡಬಹುದು, ಹೆಂಡತಿಯ ಕಿವಿಯ ಹತ್ತಿರ ಬಾಯಿಟ್ಟು ಮಾತಾಡಬಹುದು ಅಂತ ತೋರಿಸಿದ ಸಿನಿಮಾ ನನ್ನ ಪಾಲಿಗೆ ಇದೇ ಮೊದಲು. ವಿಜಯಲಕ್ಷ್ಮಿ ಹೊಸಬರು, ಅಲ್ಲಲ್ಲಿ ತಡವರಿಸುತ್ತಾರೆ, ಆದರೆ ಆ ತಡವರಿಕೆ ರಾಣಿಗೆ ಒಪ್ಪುತ್ತದೆ. ಕುರುಡವ್ವನಾಗಿ ಬಿ. ಜಯಶ್ರೀ ಇದ್ದಾರೆ, ಅವರ ಬಗ್ಗೆ ಹೇಳೋದೇ ಬೇಡ. ಕೊನೆಯ ಭಾಗ ಸ್ವಲ್ಪ ಓಡಿಸಿದ್ದಾರೆ, ಅದೊಂದು ನನ್ನ ತಕರಾರು.

ಅದೇ ನಾಗಾಭರಣ, ಅದೇ ಅಶ್ವಥ್ ಸೇರಿ ಮಾಡಿದ 'ಸಂತ ಶಿಶುನಾಳ ಶರೀಫ' (1990) ಹಾಡಿಗಾಗಿ ನೋಡುವ ಸಿನಿಮಾ. ಶರೀಫನಾಗಿ ಶ್ರೀಧರ್, ಗುರು ಗೋವಿಂದ ಭಟ್ಟರಾಗಿ ಕಾರ್ನಾಡ್. ಹಾಡಿಲ್ಲದ ಕಡೆ ಒಂಚೂರು ಎಳೆಯುತ್ತದೆ. ಚಹಾ ಮಾಡಿಕೊಂಡು ಬರಬಹುದು.

'ಬಂಗಾರದ ಮನುಷ್ಯ' (1972) ಬಗ್ಗೆ ಕೆಟ್ಟದಾಗಿ ಬರೆದರೆ ನಮ್ಮೂರಲ್ಲಿ ಚಹಾ ಸಿಗೋದಿಲ್ಲ. ಅರ್ಧದವರೆಗೆ ನನಗೂ ಪ್ರಾಣ. ಕಲ್ಲು ಭೂಮಿ, ಬಾವಿ, ಬೆವರು, ಇದೆಲ್ಲ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಕೊನೆಯಲ್ಲಿ ಎಲ್ಲರಿಗಾಗಿ ದುಡಿದ ರಾಜೀವ ಅಪವಾದ ಹೊತ್ತುಕೊಂಡು, ಬಾಯಿ ಬಿಡದೆ ಮನೆ ಬಿಟ್ಟು ಹೋಗುತ್ತಾನಲ್ಲ, ಅಲ್ಲಿ ಟಾಕೀಸು ಟಾಕೀಸೇ ಅತ್ತಿತ್ತಂತೆ. ಅವ್ವ ಅಳಲಿಲ್ಲ. 'ಒಂದ್ ಮಾತು ಹೇಳಿದ್ರ ಮುಗೀತಿತ್ತಲ್ಲೋ, ಬಾಯಿ ಇಲ್ಲೇನ್ ಅವಗ?' ನನಗೂ ಹಾಗೇ ಅನ್ನಿಸುತ್ತದೆ. ತ್ಯಾಗ ಅಂದರೆ ಮಾತಾಡದೇ ಇರೋದು ಅಂತ ನಮ್ಮ ಸಿನಿಮಾಗಳಿಗೆ ಯಾರು ಕಲಿಸಿದರೋ.

ಅಪ್ಪನ ಸಿನಿಮಾ ಬೇರೆ. ಗಿರೀಶ್ ಕಾಸರವಳ್ಳಿಯವರ 'ತಬರನ ಕಥೆ', ಪೂರ್ಣಚಂದ್ರ ತೇಜಸ್ವಿಯವರ ಕಥೆ, ತಬರನಾಗಿ ಚಾರುಹಾಸನ್. ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತು. ನಿವೃತ್ತನಾದ ಒಬ್ಬ ಸಣ್ಣ ನೌಕರ ಪೆನ್ಶನ್‌ಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ಮನೆಯಲ್ಲಿ ಹೆಂಡತಿಯ ಕಾಲು ಕೊಳೆಯುತ್ತಿದೆ. ಮಲೆನಾಡಿನ ಕಥೆ, ಆದರೆ ಆ ಕೌಂಟರ್ ಯಾವ ಊರಲ್ಲಿಲ್ಲ ಹೇಳಿ. ಅಪ್ಪ ನಿವೃತ್ತರಾದಾಗ ಅವರ ಕಾಗದವೂ ಒಂದು ಕಚೇರಿಯಲ್ಲಿ ಏಳು ತಿಂಗಳು ಮಲಗಿತ್ತು. ಸಿನಿಮಾ ಅರ್ಧ ಆಗಿರಬಹುದು, ಅಪ್ಪ ಎದ್ದು ಒಳಗೆ ಹೋದರು. ಅಳ್ತಾ ಇರಬೇಕು ಅಂದುಕೊಂಡು ನಾನು ಹಿಂದೆ ಹೋದೆ. ಕಪಾಟು ತೆಗೆದು ಆ ವರ್ಷದ ಲೈಫ್ ಸರ್ಟಿಫಿಕೇಟ್ ಕೊಟ್ಟ ರಸೀದಿ ಇದೆಯೋ ಇಲ್ಲವೋ ಅಂತ ಹುಡುಕುತ್ತಿದ್ದರು.

ಕಾಸರವಳ್ಳಿಯವರದೇ ಇನ್ನೊಂದು, 'ಕನಸೆಂಬೋ ಕುದುರೆಯನೇರಿ' (2010). ಇದನ್ನು ನೋಡಿದವರು ನಮ್ಮ ಕಡೆ ಬಹಳ ಕಡಿಮೆ, ಅದು ನನಗೆ ಹೊಟ್ಟೆಯುರಿ. ಅಮರೇಶ ನುಗಡೋಣಿಯವರ ಕಥೆ. ಈರ್ಯಾ ಅಂತ ಒಬ್ಬ ಹೆಣ ಹೂಳಲು ಕುಣಿ ತೋಡುವವನು. ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲಿ ಯಾರೋ ಸಾಯುತ್ತಾರೆ ಅಂತ ಅವನ ನಂಬಿಕೆ. ಕನಸು ಬಿತ್ತು, ಆದರೆ ಸತ್ತ ಸುದ್ದಿ ಇಲ್ಲ. ಯಾಕೆ ಅಂತ ಹೇಳೋದಿಲ್ಲ, ನೋಡಿ. ಈರ್ಯಾ ಯಾರು ಅಂದುಕೊಂಡಿರಿ? ವೈಜನಾಥ ಬಿರಾದಾರ್. ಬೀದರ್ ಕಡೆಯವರು. ಎಷ್ಟೋ ಸಿನಿಮಾಗಳಲ್ಲಿ ಕುಡುಕನಾಗಿ, ಭಿಕ್ಷುಕನಾಗಿ ಒಂದು ನಿಮಿಷ ಬಂದು, ನಗಿಸಿ, ಒದೆ ತಿಂದು ಹೋಗುವ ಅದೇ ಮನುಷ್ಯ. ಇಲ್ಲಿ ಅದೇ ಬಡಕಲು ಮೈ, ಅದೇ ದನಿ, ಆದರೆ ಯಾರೂ ನಗೋದಿಲ್ಲ. ಮ್ಯಾಡ್ರಿಡ್‌ನ ಒಂದು ಚಿತ್ರೋತ್ಸವದಲ್ಲಿ ಇದಕ್ಕೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಹೆಂಡತಿಯಾಗಿ ಉಮಾಶ್ರೀ ಇದ್ದಾರೆ. ಇಬ್ಬರೂ ಗುಡಿಸಲಲ್ಲಿ ಕೂತು ಸಣ್ಣ ದನಿಯಲ್ಲಿ ಮಾತಾಡುವಾಗ ಶೇಂಗಾ ಸದ್ದು ನಿಂತಿತ್ತು.

ಬೆಳಗಾವಿ ಜಿಲ್ಲೆಯ ಘೋಡಗೇರಿಯವರು ಚಂದ್ರಶೇಖರ ಕಂಬಾರರು. ಕವಿಯೇ ನಿರ್ದೇಶಕನಾಗಿ ಮಾಡಿದ ಸಿನಿಮಾ 'ಕಾಡುಕುದುರೆ'. ಅದರ ಹಾಡಿಗೆ ಶಿವಮೊಗ್ಗ ಸುಬ್ಬಣ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹಾಡು ಎಲ್ಲರ ಬಾಯಲ್ಲಿದೆ, ಸಿನಿಮಾ ನೋಡಿದವರನ್ನು ಬೆರಳಲ್ಲಿ ಎಣಿಸಬಹುದು. ಅವರ ಕಾದಂಬರಿಯಿಂದ ಬಂದ 'ಸಿಂಗಾರೆವ್ವ' (2003) ಸುಲಭವಾಗಿ ಸಿಗುತ್ತದೆ. ಪ್ರೇಮಾ ಕಷ್ಟಪಟ್ಟಿದ್ದಾರೆ. ಆದರೆ ಕಂಬಾರರ ಪುಟದಲ್ಲಿ ಕೇಳಿಸುವ ಬನಿ ತೆರೆಯಲ್ಲಿ ಅರ್ಧಕ್ಕರ್ಧ ಸೋರಿಹೋಗಿದೆ.

ಒಂದು ಮರಾಠಿ ಸಿನಿಮಾ ಸೇರಿಸಲೇಬೇಕು. ನಮಗೂ ಸೊಲ್ಲಾಪುರಕ್ಕೂ ಸುಮಾರು 100 ಕಿಲೋಮೀಟರ್, ಮದುವೆ, ಮಾರುಕಟ್ಟೆ, ದವಾಖಾನೆ ಎಲ್ಲದಕ್ಕೂ ಜನ ಹೋಗಿ ಬರ್ತಾರೆ. 2016ರಲ್ಲಿ ನಾಗರಾಜ ಮಂಜುಳೆಯವರ 'ಸೈರಾಟ್' ಬಂದಾಗ ಮರಾಠಿ ಅರೆಬರೆ ಬರುವವರೂ ನೋಡಿದರು. ಪುಣೆಯ ನಯವಾದ ಮರಾಠಿ ಅಲ್ಲ ಅದು, ಸೊಲ್ಲಾಪುರ ಸೀಮೆಯ ಒರಟು ಮಾತು. ಆ ಮಾತಲ್ಲೇ ಹುಡುಗ ಹುಡುಗಿ ಪ್ರೀತಿ ಮಾಡಿದರು, ಮರಾಠಿಯಲ್ಲಿ ಅಲ್ಲಿವರೆಗೆ ಯಾವ ಸಿನಿಮಾನೂ ಮಾಡದಷ್ಟು ದುಡ್ಡು ಮಾಡಿತು. ಮರುವರ್ಷ ಎಸ್. ನಾರಾಯಣ್ ಅದನ್ನು ಕನ್ನಡಕ್ಕೆ ತಂದರು, 'ಮನಸು ಮಲ್ಲಿಗೆ'. ನಾಯಕಿ ಅದೇ ರಿಂಕು ರಾಜಗುರು. ಕಥೆ ಬಂತು, ಹುಡುಗಿ ಬಂದಳು, ಮಾತಿನ ಮಣ್ಣು ಮಾತ್ರ ಗಡಿಯ ಆಚೆಗೇ ಉಳಿಯಿತು. ಅದನ್ನು ಇಂಡಿಯಲ್ಲೋ ಅಥಣಿಯಲ್ಲೋ ನಡೆಸಿದ್ದರೆ ಹೇಗಿರುತ್ತಿತ್ತು ಅಂತ ನಾನು ಈಗಲೂ ಯೋಚನೆ ಮಾಡ್ತೀನಿ.

'ತಿಥಿ' ಮಂಡ್ಯದವರದು, ನಟರಲ್ಲದ ಹಳ್ಳಿ ಜನರೇ ಮಾಡಿದ್ದು, ಲೊಕಾರ್ನೋದಲ್ಲಿ ಎರಡು ಪ್ರಶಸ್ತಿ. ಗಡ್ಡಪ್ಪ ನಡೆಯೋದನ್ನು ನೋಡಲಿಕ್ಕೇ ಇನ್ನೊಂದು ಸಲ ನೋಡಬಹುದು.

'ಕಾಂತಾರ' (2022) ನೋಡಿದ್ದು ಇಲ್ಲಿನ ಒಂದು ಟಾಕೀಸಿನಲ್ಲಿ, ಹೆಸರು ಬೇಡ. ಎಡಗಡೆಯ ಸ್ಪೀಕರ್ ಸತ್ತಿತ್ತು. ಕುಂದಾಪುರದ ಮಾತು ಅರ್ಧ ತಿಳಿಯಲಿಲ್ಲ, ಇನ್ನರ್ಧವನ್ನು ಸ್ಪೀಕರ್ ನುಂಗಿತು. ಕೇಳಿದರೆ ಗೇಟಿನಲ್ಲಿದ್ದವನು, 'ಬಲಗಡೆ ಕುಂದರ್ರಿ, ಅಲ್ಲಿ ಚಲೋ ಕೇಳಸ್ತದ' ಅಂದ. ಬಲಗಡೆ ಫ್ಯಾನ್ ಇರಲಿಲ್ಲ. ಆದರೂ ಕೊನೆಯ ಇಪ್ಪತ್ತು ನಿಮಿಷ ಯಾರೂ ಮೊಬೈಲ್ ತೆಗೆಯಲಿಲ್ಲ. ತಮ್ಮೂರಿನ ಮಾತಿಗೆ ನೀರು ಬೆರೆಸದೆ ಮಾಡಿದ್ದನ್ನು ಇಡೀ ದೇಶ ನೋಡಿತು. ನಮ್ಮ ಕಡೆಯ ಮಾತು ಯಾರಿಗೆ ಅರ್ಥ ಆಗತ್ತೆ ಅಂತ ಕೇಳುವ ನಿರ್ಮಾಪಕರಿಗೆ ಇನ್ನು ನೆಪ ಇಲ್ಲ.

ಯೋಗರಾಜ್ ಭಟ್ಟರ 'ಕರಟಕ ದಮನಕ' (2024) ಆ ಧೈರ್ಯ ಮಾಡಿತು. ಬರ ಬಿದ್ದ ಊರು, ಇಬ್ಬರು ಕಿಲಾಡಿಗಳು, ಶಿವರಾಜಕುಮಾರ್, ಪ್ರಭುದೇವ. ಮಾತು ಪಕ್ಕಾ ನಮ್ಮದು, ಭಟ್ಟರ ಕಿವಿ ಚುರುಕು. ಹಾಡು ಕುಣಿಸುತ್ತವೆ. ಆದರೆ ನೀರಿನ ಕಥೆ ಹೇಳಬೇಕಾದಾಗೆಲ್ಲ ಒಂದು ಜೋಕು ಅಡ್ಡ ಬರುತ್ತದೆ, ಎಲ್ಲರೂ ಮತ್ತೆ ದನಿ ಏರಿಸುತ್ತಾರೆ.

ಉಳಿದದ್ದು 'ಕೆಜಿಎಫ್'. ಎರಡೂ ಭಾಗ ನೋಡಿದೆ. ಕೆಲಸ ಗಟ್ಟಿ, ಕತ್ತಲೆ ಜಾಸ್ತಿ, ಪ್ರತಿಯೊಬ್ಬರೂ ಪೋಸ್ಟರಿಗೆ ಬರೆದ ಹಾಗೆ ಮಾತಾಡ್ತಾರೆ. ಅಳಿಯನಿಗೆ ಮಾತ್ರ ಇದರ ಪಕ್ಕ ಬೇರೆ ಸಿನಿಮಾನೇ ಇಲ್ಲ. ಹೋದ ಭಾನುವಾರ ಹಟ ಮಾಡಿ ಮತ್ತೆ ಹಾಕಿಸಿದ. ಒಂದು ತಾಸು ಅವ್ವ ಶೇಂಗಾ ಬಿಡಿಸುತ್ತಲೇ ಇದ್ದಳು, ಆಮೇಲೆ ನಿಧಾನಕ್ಕೆ ಕೇಳಿದಳು: 'ಇಷ್ಟೊತ್ತನಿಂದ ಹೊಡದಾಡ್ಲಾಕತ್ತಾನ, ಇಂವ ಊಟ ಯಾವಾಗ ಮಾಡ್ತಾನೋ?' ಅಳಿಯ ನನ್ನ ಮುಖ ನೋಡಿದ. 'ಮಾಮಾ, ನೀನ ಹೇಳು.' ನನಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ರಿಮೋಟ್ ಅವ್ವನ ಕೈಗೆ ಹೋಗಿತ್ತು. ಮುಂದಿನ ವಾರ ಮತ್ತೆ 'ನಾಗಮಂಡಲ' ಅಂತೆ, ಈ ಸಲ ಮಜ್ಜಿಗೆ ಮೊದಲೇ ತಂದಿಟ್ಟುಕೊಳ್ತಾಳಂತೆ.